ಆಪರೇಷನ್ ಮುಗಿದ ಮೇಲೆ ಬಾತ ಕೈ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರಗಳು. ನಾನು ಹಾವೇರಿ ಜಿಲ್ಲೆಯ ಬ್ಯಾಡಗಿಯವಳು, ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ಆರು ವರ್ಷಗಳ ಹಿಂದೆ ನನಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಯಿತು. ಬಲ ಕಂಕುಳಿನ ಗ್ರಂಥಿಗಳನ್ನೂ ತೆಗೆದರು, ಕಿಮೋ ಆಯಿತು, ರೇಡಿಯೇಶನ್ ಆಯಿತು. ಅದರ ಬಗ್ಗೆ ನನ್ನ ದೂರೇನೂ ಇಲ್ಲ. ನಾನು ಬರೆಯುತ್ತಿರುವುದು ಅದಾದ ಹದಿನಾಲ್ಕು ತಿಂಗಳಿಗೆ ಶುರುವಾದ ಕೈಬಾವಿನ ಬಗ್ಗೆ, ಮತ್ತು ಆ ಬಾವಿಗಾಗಿ ನಮ್ಮ ಭಾಗದ ಸರ್ಕಾರಿ ಆಸ್ಪತ್ರೆಗಳಲ್ಲಿ ಆಗಬೇಕಾದ ಒಂದು ಸಣ್ಣ ವ್ಯವಸ್ಥೆಯ ಬಗ್ಗೆ.

ಮೊದಲು ಗೊತ್ತಾದದ್ದು ಬಳೆಯಿಂದ. ಸಲೀಸಾಗಿ ಮೇಲೆ ಕೆಳಗೆ ಜಾರುತ್ತಿದ್ದ ಹಸಿರು ಗಾಜಿನ ಬಳೆಗಳು ಒಂದು ದಿನ ರೊಟ್ಟಿ ಬಡಿಯುವಾಗ ಮುಂಗೈಗೆ ಕಚ್ಚಿಕೊಂಡು ನಿಂತವು. ಸಾಬೂನು ಹಚ್ಚಿದರೂ ಬರದೆ, ಬಟ್ಟೆ ಸುತ್ತಿ ಒಡೆಯಬೇಕಾಯಿತು. ವಾರ ಕಳೆಯುವುದರೊಳಗೆ ಹೆಬ್ಬೆರಳಿನಿಂದ ಒತ್ತಿದರೆ ನಾದಿದ ಹಿಟ್ಟಿನಲ್ಲಿ ಬೀಳುವಂತೆ ಗುಳಿ ಬಿದ್ದು ಹಾಗೇ ಉಳಿಯತೊಡಗಿತು. ತೋರಿಸಲು ಹೋದ ಆಸ್ಪತ್ರೆಯೊಂದರಲ್ಲಿ, ಆಪರೇಷನ್ ಆದವರಿಗೆ ಇದು ಇದ್ದದ್ದೇ, ಕೈಯನ್ನು ದಿಂಬಿನ ಮೇಲಿಟ್ಟು ಮಲಗಿ ಎಂದು ಹೇಳಿ, ಕ್ರೇಪ್ ಬ್ಯಾಂಡೇಜು ಬರೆದುಕೊಟ್ಟರು. ಊರಲ್ಲಿ ತಿಕ್ಕುವವರೊಬ್ಬರು ಬಿಸಿ ಎಣ್ಣೆ ಹಚ್ಚಿ ಬಲವಾಗಿ ನೀವಿದರು. ಮೂರನೆಯ ದಿನ ಕೈ ಕೆಂಪಗೆ ಕಾದು, ಚಳಿಜ್ವರ ಬಂದು, ಐದು ದಿನ ಆಸ್ಪತ್ರೆಯಲ್ಲಿ ಆಂಟಿಬಯೊಟಿಕ್ ಹಾಕಿಸಿಕೊಂಡು ಮಲಗಿದೆ. ತಿಕ್ಕಿದವರನ್ನು ನಾನು ದೂರುವುದಿಲ್ಲ; ತಿಳಿದು ಹೇಳುವವರು ಸಿಗದಿದ್ದಾಗ ಜನ ಪರಿಚಯದವರ ಬಾಗಿಲಿಗೇ ಹೋಗುತ್ತಾರೆ.

ರಕ್ತನಾಳಗಳಿಂದ ಮೈಯೊಳಗೆ ಜಿನುಗುವ ದ್ರವವನ್ನೂ ಅದರಲ್ಲಿನ ಪ್ರೋಟೀನನ್ನೂ ಮರಳಿ ರಕ್ತಕ್ಕೆ ಸೇರಿಸುವುದು ದುಗ್ಧನಾಳಗಳ, ಅಂದರೆ ಲಿಂಫ್ ನಾಳಗಳ ಕೆಲಸ. ಈ ನಾಳಗಳ ಹಾದಿಯಲ್ಲಿರುವ ಕಂಕುಳಿನ ಗ್ರಂಥಿಗಳನ್ನು ತೆಗೆದಾಗ, ಇಲ್ಲವೇ ರೇಡಿಯೇಶನ್‌ನಿಂದ ಅವು ಗಡುಸಾದಾಗ, ಹೂಳು ತುಂಬಿದ ಕಾಲುವೆಯ ಪಕ್ಕದ ಹೊಲದಂತೆ ಕೈಯಲ್ಲಿ ನೀರು ನಿಲ್ಲುತ್ತದೆ. ವೈದ್ಯರು ಇದನ್ನು ಲಿಂಫೆಡೀಮಾ ಎನ್ನುತ್ತಾರೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸ್ತನ ಕ್ಯಾನ್ಸರಿನ ಚಿಕಿತ್ಸೆ ಪಡೆದ ಐವರಲ್ಲಿ ಸುಮಾರು ಒಬ್ಬರಿಗೆ ಕೈಬಾವು ಬರುತ್ತದೆ. ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸಿದವರಲ್ಲಿ ಕಡಿಮೆ, ಕಂಕುಳಿನ ಗ್ರಂಥಿಗಳನ್ನೆಲ್ಲ ಬಿಡಿಸಿದವರಲ್ಲಿ ಹೆಚ್ಚು. ಗಂಟು ದೊಡ್ಡದಾಗುವವರೆಗೆ ಯಾರಿಗೂ ಹೇಳದ ನಮ್ಮ ಕಡೆಯ ಹೆಣ್ಣುಮಕ್ಕಳು ಬಹುಪಾಲು ಎರಡನೆಯ ಗುಂಪಿಗೇ ಸೇರುತ್ತಾರೆ.

ಬಾವು ಪೂರ್ತಿ ಹೋಗುವುದಿಲ್ಲ, ಆದರೆ ಹತೋಟಿಗೆ ಬರುತ್ತದೆ. ನನಗೆ ಅದು ತಿಳಿದದ್ದು, ಹುಬ್ಬಳ್ಳಿಯಲ್ಲಿ ಇದರ ತರಬೇತಿ ಪಡೆದ ಫಿಜಿಯೋಥೆರಪಿಸ್ಟ್ ಒಬ್ಬರನ್ನು ಹುಡುಕಿಕೊಂಡು ಹೋದಾಗ. ಆ ಹುಡುಗಿ ಮೊದಲು ಬಾತ ಕೈಯನ್ನು ಮುಟ್ಟಲೇ ಇಲ್ಲ. ಕುತ್ತಿಗೆಯಿಂದ ಶುರು ಮಾಡಿ, ಚೆನ್ನಾಗಿದ್ದ ಎಡ ಕಂಕುಳಿಗೆ ಬಂದು, ಎದೆಯ ಮೇಲಿನಿಂದ ಹಾದಿ ಬಿಡಿಸಿಕೊಂಡು, ಕಡೆಗೆ ಬಲತೋಳಿಗೆ ಇಳಿದರು. ಅಂಗೈ ಒತ್ತುತ್ತಿರಲಿಲ್ಲ, ಕೂಸಿನ ಕೆನ್ನೆ ಸವರಿದಷ್ಟು ಮೆಲ್ಲಗೆ ಚರ್ಮವನ್ನಷ್ಟೇ ಎಳೆದು ಬಿಡುತ್ತಿತ್ತು. ಎಣ್ಣೆ ಇಲ್ಲ. ಡೆನ್ಮಾರ್ಕಿನ ಎಮಿಲ್ ವೋಡರ್ ಮತ್ತು ಅವರ ಪತ್ನಿ ಎಸ್ಟ್ರಿಡ್ 1930ರ ದಶಕದಲ್ಲಿ ರೂಪಿಸಿದ ಪದ್ಧತಿ ಇದು ಎಂದು ಹೇಳಿದರು. ಆಮೇಲೆ ಕೈಗೆ ಹತ್ತಿಯ ಕೊಳವೆ ಬಟ್ಟೆ, ಅದರ ಮೇಲೆ ಮೆತ್ತನೆಯ ಪ್ಯಾಡು, ಅದರ ಮೇಲೆ ಬೆರಳಿನಿಂದ ಭುಜದವರೆಗೆ ಕಡಿಮೆ ಹಿಗ್ಗುವ ಬ್ಯಾಂಡೇಜು, ಕೆಳಗೆ ಬಿಗಿ, ಮೇಲೇರಿದಂತೆ ಸಡಿಲ. ಕ್ರೇಪ್ ಬ್ಯಾಂಡೇಜು ಏಕೆ ಫಲ ಕೊಟ್ಟಿರಲಿಲ್ಲವೆಂಬುದೂ ಅಂದೇ ಅರ್ಥವಾಯಿತು: ಅದು ಸ್ನಾಯುವಿನ ಜೊತೆ ತಾನೂ ಹಿಗ್ಗುತ್ತದೆ, ಇದು ಗೋಡೆಯಂತೆ ನಿಲ್ಲುವುದರಿಂದ ಕೈ ಆಡಿಸಿದಾಗಲೆಲ್ಲ ದ್ರವ ಮೇಲಕ್ಕೆ ತಳ್ಳಲ್ಪಡುತ್ತದೆ. ಕಟ್ಟು ಹಾಕಿಕೊಂಡೇ ವ್ಯಾಯಾಮ ಮಾಡಿಸಿದರು. ಮೂರು ವಾರಗಳಲ್ಲಿ ಎರಡು ಕೈಗಳ ಸುತ್ತಳತೆಯ ಅಂತರ ಆರು ಸೆಂಟಿಮೀಟರಿನಿಂದ ಎರಡಕ್ಕೆ ಇಳಿಯಿತು.

ಬರೀ ಆ ಮೆಲ್ಲನೆಯ ನೀವುವಿಕೆಯೇ ಎಲ್ಲವನ್ನೂ ಮಾಡಿತೆಂದು ನಾನು ಹೇಳುತ್ತಿಲ್ಲ. ಹೆಚ್ಚಿನ ಕೆಲಸ ಮಾಡಿದ್ದು ಕಟ್ಟು, ಇಳಿದದ್ದನ್ನು ಕಾಯ್ದುಕೊಂಡಿರುವುದು ದಿನವೂ ತೊಡುವ ಒತ್ತುತೋಳು, ಅಂದರೆ ಕಂಪ್ರೆಷನ್ ಸ್ಲೀವ್. ಅದರ ಬೆಲೆ ಸಾವಿರಗಳಲ್ಲಿದೆ, ಆರು ತಿಂಗಳಿಗೆ ಬಿಗಿ ಕಳೆದುಕೊಳ್ಳುತ್ತದೆ. ನನಗೆ ಪಿಂಚಣಿಯಿದೆ, ಕೊಳ್ಳುತ್ತೇನೆ. ನಮ್ಮ ಓಣಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳಿಗೂ ಇದೇ ಆಪರೇಷನ್ ಆಗಿದೆ, ಇದೇ ಬಾವು. "ಅಕ್ಕೋರ, ನಿಮ್ಮ ಹಳೇ ಕೈ ಸಾಕ್ಸ್ ಇದ್ರ ಕೊಡ್ರಿ" ಎಂದು ಬಂದು ಕೇಳಿದಳು. ಕೊಡಲಾಗಲಿಲ್ಲ. ಅದು ಅವರವರ ಕೈಯ ಅಳತೆಗೇ ಇರಬೇಕು. ಅಳತೆ ತಪ್ಪಿದರೆ ಮಣಿಕಟ್ಟಿನಲ್ಲಿ ಕಟ್ಟಿ ಹಿಡಿದು ಬೆರಳು ಬಾಯುತ್ತವೆ. ದಿನವಿಡೀ ಖಾರದಲ್ಲಿರುವ ಅವಳ ಬೆರಳ ಸಂದಿನಲ್ಲಿ ಚರ್ಮ ಸೀಳಿತ್ತು, ಮತ್ತು ಬಾತ ಕೈಗೆ ಸೋಂಕು ಹೋಗುವ ದಾರಿ ಅಂಥ ಸೀಳೇ.

ಆನೆಕಾಲು ರೋಗಿಗಳಿಗೆ ಸರ್ಕಾರ ಟಬ್, ಮಗ್, ಸಾಬೂನು, ಟವೆಲ್, ಮುಲಾಮುಗಳ ಕಿಟ್ ಕೊಟ್ಟು, ಕಾಲು ತೊಳೆಯುವ ಕ್ರಮವನ್ನೂ ಕಲಿಸುತ್ತದೆ. ವಾಸಿಯಾಗದ ಬಾವನ್ನು ರೋಗಿಯೇ ಮನೆಯಲ್ಲಿ ನೋಡಿಕೊಳ್ಳಲು ನೆರವಾಗುವುದು ಸರ್ಕಾರದ ಕರ್ತವ್ಯವೆಂದು ತಾವು ಒಪ್ಪಿರುವುದಕ್ಕೆ ಇದೇ ಸಾಕ್ಷಿ. ಸೊಳ್ಳೆಯಿಂದ ಬಂದ ಬಾವಿಗೆ ಇರುವ ಈ ನೆರವು ಕ್ಯಾನ್ಸರ್ ಚಿಕಿತ್ಸೆಯಿಂದ ಬಂದ ಬಾವಿಗೂ ಸಿಗಲಿ.

ನನ್ನ ಬೇಡಿಕೆ ಇಷ್ಟು. ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ), ಗದಗ ಮತ್ತು ಹಾವೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಗಳಲ್ಲಿ ತಲಾ ಒಬ್ಬರು ಫಿಜಿಯೋಥೆರಪಿಸ್ಟರಿಗೆ ಈ ಚಿಕಿತ್ಸೆಯ ಪೂರ್ಣ ತರಬೇತಿ ಕೊಡಿಸಬೇಕು. ಉತ್ತರ ಅಮೆರಿಕದಲ್ಲಿ ಇದಕ್ಕೆ ಕೇಳುವುದು 135 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಹದಿನೇಳು ದಿನ. ಹುಬ್ಬಳ್ಳಿಯೊಂದರಲ್ಲೇ ಇದ್ದರೆ ಸಾಲದು, ಏಕೆಂದರೆ ನಮ್ಮ ಓಣಿಯ ಆ ಹೆಣ್ಣುಮಗಳಿಗೆ ಬಸ್ಸಿನ ಖರ್ಚು ಶಕ್ತಿ ಯೋಜನೆಯಿಂದ ಉಳಿದರೂ ಮೂರು ವಾರದ ಕೂಲಿ ಉಳಿಯುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಎರಡೂ ಕೈಗಳ ಅಳತೆಯನ್ನು ಕೇಸ್ ಪೇಪರಿನಲ್ಲಿ ಬರೆಯಬೇಕು. ಅದಕ್ಕೆ ದರ್ಜಿಯ ಟೇಪೊಂದು ಸಾಕು. ಬ್ಯಾಂಡೇಜು ಮತ್ತು ವರ್ಷಕ್ಕೆ ಎರಡು ಸ್ಲೀವ್‌ಗಳನ್ನು ಆರೋಗ್ಯ ಕರ್ನಾಟಕ ಯೋಜನೆಯಡಿ ಕೊಡಬೇಕು. ಬಾಯಿ ಕ್ಯಾನ್ಸರಿನ ಚಿಕಿತ್ಸೆಯ ನಂತರ ದವಡೆ ಬಿಗಿದು ಬಾಯಿ ತೆರೆಯಲಾಗದವರು ಗುಟ್ಕಾ ತಿನ್ನುವ ನಮ್ಮ ಸೀಮೆಯಲ್ಲಿ ಕಡಿಮೆಯಿಲ್ಲ. ಅವರಿಗೂ ಇದೇ ಕೋಣೆಯಲ್ಲಿ ವ್ಯಾಯಾಮ ಕಲಿಸಬಹುದು.

ತರಬೇತಿ ಶುರುವಾದರೆ ಕಟ್ಟು ಕಟ್ಟಿ ಕಲಿಯಲು ಬಾತ ಕೈಯೊಂದು ಬೇಕಾಗುತ್ತದೆ. ದಿನ ತಿಳಿಸಿದರೆ ನಾನು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಬ್ಯಾಡಗಿ