ರಾತ್ರಿ ಎರಡು ಗಂಟೆಗೆ ಪಶು ಆಸ್ಪತ್ರೆಯಲ್ಲಿ ಏನೇನಿರಬೇಕು?

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ನಾಯಿ, ಬೆಕ್ಕುಗಳ ಕ್ಲಿನಿಕ್ಕುಗಳ ಮುಂದೆ ‘24 ಗಂಟೆ ಸೇವೆ’ ಎಂಬ ಬೋರ್ಡು ಸಾಮಾನ್ಯವಾಗಿದೆ. ಆದರೆ ಆ ಬೋರ್ಡಿನ ಅರ್ಥ ಒಂದೊಂದು ಕಡೆ ಒಂದೊಂದು. ಕೆಲವೆಡೆ ವೈದ್ಯರು ರಾತ್ರಿಯಿಡೀ ಒಳಗೇ ಇರುತ್ತಾರೆ. ಕೆಲವೆಡೆ ಡ್ರಿಪ್ ನೋಡಿಕೊಳ್ಳುವ ಸಹಾಯಕರಷ್ಟೇ ಇದ್ದು, ವೈದ್ಯರು ಫೋನಿನಲ್ಲಿ ಸಿಗುತ್ತಾರೆ. ಉಸಿರಿಗೆ ಒದ್ದಾಡುವ ನಾಯಿಯನ್ನು ಎತ್ತಿಕೊಂಡು ಬಂದವರಿಗೆ ಈ ವ್ಯತ್ಯಾಸ ಬಾಗಿಲಿಗೆ ಬಂದ ಮೇಲೆ ತಿಳಿಯುವಂತಾಗಬಾರದು.

ಆದ್ದರಿಂದ ಸಾಕುಪ್ರಾಣಿ ಇರುವವರಲ್ಲಿ ನಮ್ಮ ಕೋರಿಕೆ ಇಷ್ಟು: ಪ್ರಾಣಿ ಚೆನ್ನಾಗಿರುವಾಗಲೇ ಒಂದು ರಾತ್ರಿ, ಹತ್ತು ಗಂಟೆಯ ಮೇಲೆ, ಹತ್ತಿರದ ಎರಡು ಮೂರು ಆಸ್ಪತ್ರೆಗಳಿಗೆ ಫೋನ್ ಮಾಡಿ. ನೋಂದಾಯಿತ ಪಶುವೈದ್ಯರು ಈಗ ಅಲ್ಲೇ ಇದ್ದಾರೆಯೇ, ಆಕ್ಸಿಜನ್ ಇದೆಯೇ, ಎಕ್ಸ್‌ರೇ ಮತ್ತು ರಕ್ತಪರೀಕ್ಷೆ ರಾತ್ರಿಯೇ ಆಗುತ್ತವೆಯೇ, ಹೊಟ್ಟೆಯ ಆಪರೇಷನ್‌ಗೆ ಬೆಳಗಿನವರೆಗೆ ಕಾಯಬೇಕೇ, ಬೆಕ್ಕನ್ನೂ ನೋಡುತ್ತಾರೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಯಲಹಂಕ, ಕನಕಪುರ ರಸ್ತೆ, ಸರ್ಜಾಪುರದಂಥ ಅಂಚಿನ ಬಡಾವಣೆಗಳವರು ಹಾವಿನ ವಿಷದ ಮದ್ದು ದಾಸ್ತಾನಿದೆಯೇ ಎಂದೂ ಕೇಳಬೇಕು. ನಾಗರಹಾವು, ಕೊಳಕುಮಂಡಲ ಎರಡರ ಕಡಿತಕ್ಕೂ ಮನುಷ್ಯರಿಗೆ ಕೊಡುವ ಅದೇ ಪಾಲಿವೇಲೆಂಟ್ ಆಂಟಿವೆನಮ್ (ಹಲವು ಹಾವುಗಳ ವಿಷಕ್ಕೆ ಒಂದೇ ಮದ್ದು) ನಾಯಿಗೂ ಆಗುತ್ತದೆ. ಕಾಲಿಗೆ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು ಬೇಡ. ನಡೆಸದೆ ಎತ್ತಿಕೊಂಡು ಹೊರಡಿ.

ಬೆಳಗಾಗಲಿ ಎಂದು ಕಾದು ಕಳೆದುಕೊಳ್ಳುವ ಕಾಯಿಲೆಗಳಲ್ಲಿ ಗಂಡು ಬೆಕ್ಕಿನ ಮೂತ್ರ ಕಟ್ಟುವಿಕೆ ಮುಖ್ಯವಾದದ್ದು. ಬೆಕ್ಕು ಪದೇ ಪದೇ ಲಿಟರ್ ಟ್ರೇಗೆ ಹೋಗಿ ತಿಣುಕುತ್ತದೆ, ಕೂಗುತ್ತದೆ, ಅಲ್ಲೇ ನೆಕ್ಕಿಕೊಳ್ಳುತ್ತದೆ. ಹನಿ ಮೂತ್ರವೂ ಬರುವುದಿಲ್ಲ. ಮಲಬದ್ಧತೆ ಇರಬೇಕು ಎಂದುಕೊಂಡು ಮನೆಯವರು ಎಣ್ಣೆ ಕುಡಿಸುತ್ತಾರೆ. ನಿಜವಾಗಿ ಆಗಿರುವುದೆಂದರೆ ಹರಳು ಮತ್ತು ಲೋಳೆ ಸೇರಿದ ಬಿರಡೆ ಕಿರಿದಾದ ಮೂತ್ರನಾಳದಲ್ಲಿ ಸಿಕ್ಕಿಕೊಂಡಿರುತ್ತದೆ. ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಏರುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ. ಪೂರ್ತಿ ಕಟ್ಟಿದರೆ 24ರಿಂದ 48 ಗಂಟೆಯಲ್ಲಿ ಪ್ರಾಣಕ್ಕೇ ಅಪಾಯ. ಕೆಳಹೊಟ್ಟೆಯಲ್ಲಿ ಕಿತ್ತಳೆ ಗಾತ್ರದ ಗಟ್ಟಿ ಗಡ್ಡೆ ಕೈಗೆ ಸಿಗಬಹುದು. ಅದನ್ನು ಒತ್ತಬೇಡಿ, ಮೂತ್ರಕೋಶ ಒಡೆಯಬಹುದು. ಇಂಥ ಬೆಕ್ಕಿಗೆ ನೇರ ಅರಿವಳಿಕೆ ಕೊಟ್ಟು ಕ್ಯಾತಿಟರ್ (ಮೂತ್ರ ಹೊರತರುವ ನಳಿಕೆ) ಹಾಕಲು ಹೋದರೆ ಮೇಜಿನ ಮೇಲೆಯೇ ಹೃದಯ ನಿಲ್ಲಬಹುದು. ಮೊದಲು ಪೊಟ್ಯಾಸಿಯಂ ನೋಡಬೇಕು, ಇಸಿಜಿ ನೋಡುತ್ತಾ ಕ್ಯಾಲ್ಸಿಯಂ ಗ್ಲುಕೋನೇಟ್ ಮತ್ತು ಡ್ರಿಪ್ ಕೊಡಬೇಕು, ಬಳಿಕ ಕ್ಯಾತಿಟರ್. ರಾತ್ರಿ ರಕ್ತಪರೀಕ್ಷೆ ಆಗುತ್ತದೆಯೇ ಎಂದು ಕೇಳಿಟ್ಟುಕೊಳ್ಳಿ ಎಂದದ್ದು ಇದಕ್ಕಾಗಿ.

ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್‌ನಂಥ ಎದೆ ಆಳವಾದ ದೊಡ್ಡ ನಾಯಿ ಹೊಟ್ಟೆ ಉಬ್ಬಿಸಿಕೊಂಡು, ವಾಂತಿಗೆ ಒದ್ದಾಡಿಯೂ ಬರೀ ನೊರೆ ಕಾರುತ್ತಿದ್ದರೆ ಜಠರ ತಿರುಚಿಕೊಂಡಿರಬಹುದು. ಅದಕ್ಕೆ ಆಪರೇಷನ್ ಒಂದೇ ದಾರಿ, ಅದೂ ಕೆಲವೇ ಗಂಟೆಗಳಲ್ಲಿ ಆಗಬೇಕು. ಗ್ಯಾಸಿನ ಮಾತ್ರೆ ಕೊಟ್ಟು ಕಾಯುತ್ತಾ ಕೂರಬಾರದು.

ಇಲಿ ಪಾಷಾಣದ ವಿಷಯದಲ್ಲಿ ಪೊಟ್ಟಣವೇ ಅರ್ಧ ಚಿಕಿತ್ಸೆ. ಹರಿದಿದ್ದರೂ ಸರಿ, ತನ್ನಿ. ಬ್ರೋಮಾಡಿಯೋಲೋನ್ ಕೇಕ್ ತಿಂದ ನಾಯಿ ಎರಡು ಮೂರು ದಿನ ಏನೂ ಆಗದಂತೆ ಓಡಾಡುತ್ತದೆ, ಆಮೇಲೆ ಒಳಗೊಳಗೇ ರಕ್ತ ಸುರಿಯತೊಡಗುತ್ತದೆ. ವಸಡು ಬಿಳಿಚುವುದು, ಸುಸ್ತು, ಕೆಮ್ಮು ಅದರ ಲಕ್ಷಣ. ಇದಕ್ಕೆ ವಿಟಮಿನ್ ಕೆ1 ಇದೆ. ಮೂರು ನಾಲ್ಕು ವಾರ ಬಿಡದೆ ಕೊಡಬೇಕು. ಒಂದು ವಾರಕ್ಕೆ ಚುರುಕಾಯಿತೆಂದು ನಿಲ್ಲಿಸಿದರೆ ಮತ್ತೆ ರಕ್ತಸ್ರಾವ ಶುರುವಾಗುತ್ತದೆ. ಬೂದುಗಪ್ಪು ಪುಡಿಯಾದ ಜಿಂಕ್ ಫಾಸ್ಫೈಡ್ ಬೇರೆಯೇ ಬಗೆಯದು. ಅದು ಜಠರದ ಆಮ್ಲಕ್ಕೆ ತಾಗಿ ಫಾಸ್ಫೀನ್ ಅನಿಲವಾಗುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಹಾಲು, ಅನ್ನ ಕೊಟ್ಟರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ವಾಂತಿಯಿಂದ ಏಳುವ ಅನಿಲ ಕಾರಿನಲ್ಲಿರುವ ಮನುಷ್ಯರಿಗೂ ಕೆಟ್ಟದ್ದು, ಕಿಟಕಿ ತೆರೆದೇ ಹೋಗಿ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸುವ ಅಭ್ಯಾಸ ಮಾತ್ರ ಇನ್ನಾದರೂ ನಿಲ್ಲಬೇಕು. ಸೋಡಿಯಂ ಏರಿ ಅದೇ ಇನ್ನೊಂದು ವಿಷವಾಗುತ್ತದೆ.

ಬೆಕ್ಕಿಗೆ ಜ್ವರವೆಂದು ಮನೆಯ ಪ್ಯಾರಾಸಿಟಮಾಲ್ ಕೊಡಬೇಡಿ. 500 ಮಿಲಿಗ್ರಾಂನ ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು. ಕೊಟ್ಟಾಗಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ, ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಮನುಷ್ಯರ ಮೆಡಿಕಲ್ ಸ್ಟೋರಿನಲ್ಲೂ ಸಿಗುತ್ತದೆ. ಬೇಸಿಗೆಯಲ್ಲಿ ಪಗ್, ಶಿಟ್ಜುಗಳಿಗೆ ಬಿಸಿಲ ಹೊಡೆತ ತಗುಲಿದರೆ ನಲ್ಲಿ ನೀರಲ್ಲಿ ಮೈ ತೋಯಿಸಿ ಫ್ಯಾನಿನ ಕೆಳಗೆ ಮಲಗಿಸಿ, ಥರ್ಮಾಮೀಟರ್ 103.5 ಫ್ಯಾರನ್‌ಹೀಟ್‌ಗೆ ಇಳಿದ ಕೂಡಲೇ ತೋಯಿಸುವುದು ನಿಲ್ಲಿಸಿ ಹೊರಡಿ. ಒದ್ದೆ ಟವೆಲ್ ಸುತ್ತಿ ಹಾಗೇ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ.

ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಬಹುದು, ಆದರೆ ವಾಂತಿಯೋ ಉಸಿರಾಟದ ತೊಂದರೆಯೋ ಇದ್ದರೆ ಕಟ್ಟಕೂಡದು. ಅಪಘಾತವಾಗಿದ್ದರೆ ಹಲಗೆಯ ಮೇಲೋ ಬಿಗಿಯಾಗಿ ಹಿಡಿದ ಬೆಡ್‌ಶೀಟಿನ ಮೇಲೋ ಮಲಗಿಸಿ. ಆಟೊದವರು ಒಪ್ಪದೆ ಸಮಯ ಹೋಗುವುದುಂಟು, ನೆರೆಯಲ್ಲಿ ಕಾರಿರುವವರ ನಂಬರೂ ಆಸ್ಪತ್ರೆಗಳ ವಿವರ ಬರೆದಿಟ್ಟ ಚೀಟಿಯಲ್ಲಿರಲಿ. ಹೊರಡುವಾಗ ಆಸ್ಪತ್ರೆಗೆ ಫೋನ್ ಮಾಡಿದರೆ ಅವರು ಆಕ್ಸಿಜನ್ ಸಿದ್ಧ ಮಾಡಿಕೊಂಡಿರುತ್ತಾರೆ.

ಇಷ್ಟೆಲ್ಲ ಸಾಕುವವರು ಮಾಡಬಹುದಾದದ್ದು. ಸರ್ಕಾರ ಮಾಡಬೇಕಾದದ್ದೂ ಇದೆ. 1962 ಎಂಬ ಪಶು ಚಿಕಿತ್ಸಾ ಸಹಾಯವಾಣಿಯ ಸಂಚಾರಿ ವಾಹನಗಳು ಮುಖ್ಯವಾಗಿ ರೈತರ ಮನೆಬಾಗಿಲಿಗೆ ಹೋಗಿ ದನಕರುಗಳನ್ನು ನೋಡಲೆಂದು ರೂಪಿಸಿದವು. ಆಪರೇಷನ್ ಬೇಕಾದ ನಾಯಿಗೆ ವಾಹನ ಸಾಲದು. ಎಲೆಕ್ಟ್ರಾನಿಕ್ ಸಿಟಿಯಿಂದ ಪಶುವೈದ್ಯಕೀಯ ಕಾಲೇಜಿರುವ ಹೆಬ್ಬಾಳದವರೆಗೆ ಜೀವ ಹಿಡಿದುಕೊಂಡು ಬಾ ಎಂದು ಯಾವ ಪ್ರಾಣಿಗೂ ಹೇಳಲಾಗದು. ನಗರದಲ್ಲಿ ಈಗ ಐದು ಪಾಲಿಕೆಗಳಿವೆ. ಒಂದೊಂದರಲ್ಲೂ ಇರುವ ಒಂದು ಸರ್ಕಾರಿ ಪಶು ಆಸ್ಪತ್ರೆಯನ್ನು ಆರಿಸಿ, ರಾತ್ರಿ ಪಾಳಿಗೆ ಒಬ್ಬ ವೈದ್ಯರು, ಇಬ್ಬರು ಸಹಾಯಕರು, ಆಕ್ಸಿಜನ್, ಮಾನಿಟರ್, ಎಕ್ಸ್‌ರೇ, ರಕ್ತದ ಪೊಟ್ಯಾಸಿಯಂ, ಸೋಡಿಯಂ ಅಳೆಯುವ ಎಲೆಕ್ಟ್ರೋಲೈಟ್ ಯಂತ್ರ ಕೊಡಲಿ. ಬೇಕಾದ ಔಷಧಿಗಳಲ್ಲಿ ಹೆಚ್ಚಿನವು ಮನುಷ್ಯರ ಆಸ್ಪತ್ರೆಗಳಲ್ಲಿ ದಿನವೂ ಬಳಸುವಂಥವೇ. 1958ರಿಂದ ನಡೆಯುತ್ತಿರುವ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಇಂಟರ್ನ್‌ಗಳನ್ನು ಹಿರಿಯರ ಜೊತೆ ಸರದಿಯಲ್ಲಿ ಅಲ್ಲಿಗೆ ಹಾಕಿದರೆ ಅವರಿಗೂ ತುರ್ತು ಚಿಕಿತ್ಸೆಯ ಕೈ ಪಳಗುತ್ತದೆ.

ಆ ಘಟಕಗಳು ಆಗುವವರೆಗೆ ಪಶುಪಾಲನಾ ಇಲಾಖೆ ಒಂದು ಕೆಲಸ ಮಾಡಬಹುದು. ಈ ರಾತ್ರಿ ಯಾವ ಆಸ್ಪತ್ರೆಯಲ್ಲಿ ವೈದ್ಯರಿದ್ದಾರೆ, ಎಲ್ಲಿ ಆಪರೇಷನ್ ಆಗುತ್ತದೆ, ಎಲ್ಲಿ ಆಂಟಿವೆನಮ್ ಇದೆ ಎಂಬ ಪಟ್ಟಿಯನ್ನು, ಖಾಸಗಿಯವರನ್ನೂ ಸೇರಿಸಿ, ದಿನವೂ ಸಂಜೆ ಆರಕ್ಕೆ ಪ್ರಕಟಿಸಲಿ. ಮಧ್ಯಾಹ್ನ ಒಬ್ಬ ಸಿಬ್ಬಂದಿ ಕುಳಿತು ಫೋನ್ ಮಾಡಿ ಖಚಿತಪಡಿಸಿಕೊಂಡರೆ ಆಗುವ ಕೆಲಸವಿದು, ಮುಂದಿನ ಬಜೆಟ್‌ಗೆ ಕಾಯಬೇಕಿಲ್ಲ.

– ಸಾಕುಪ್ರಾಣಿ ಚಿಕಿತ್ಸೆಯಲ್ಲಿ ತೊಡಗಿರುವ ಕೆಲವು ಪಶುವೈದ್ಯರು, ಬೆಂಗಳೂರು