ಆಸ್ಪತ್ರೆಯ ದಾರಿ ಖರ್ಚಿಗಾಗಿ ಸೈಕಲ್ ಸವಾರಿ: ಒಂದು ದೇಣಿಗೆ ಮನವಿ

ಆತ್ಮೀಯರೇ,

ದೀಪಾವಳಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಮ್ಮ ಟ್ರಸ್ಟ್‌ನ ಸೈಕಲ್ ತಂಡ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಡುತ್ತದೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಸುಮಾರು 60 ಕಿಲೋಮೀಟರ್. ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವ ನಮ್ಮ ಜಿಲ್ಲೆಯ ಮಕ್ಕಳಿಗೆ ಹಣ ಕೂಡಿಸಲು ಈ ಸವಾರಿ. ಹಣ ಹೆಚ್ಚಾಗಿ ಹೋಗುವುದು ಔಷಧಿಗಲ್ಲ, ದಾರಿ ಖರ್ಚಿಗೆ.

ಹೋದ ವರ್ಷ ಮಂಡಗದ್ದೆ ಕಡೆಯ ಒಬ್ಬ ತಾಯಿ ಮಗನನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಬಟ್ಟೆ ಅಂಗಡಿಯ ಕವರಿನಲ್ಲಿ ಹುಡುಗನ ಫೈಲ್ ಇತ್ತು. ರಕ್ತ ಪರೀಕ್ಷೆಯ ಚೀಟಿಗಳ ಜೊತೆ ಬಸ್ ಟಿಕೆಟ್‌ಗಳನ್ನೂ ಪಿನ್ ಹೊಡೆದು ಇಟ್ಟಿದ್ದರು. ಹಳೆಯ ಟಿಕೆಟ್‌ಗಳ ಅಕ್ಷರ ಆಗಲೇ ಮಾಸಿಹೋಗಿತ್ತು. ಹುಡುಗನಿಗೆ ಏಳು ವರ್ಷ, ರಕ್ತದ ಕ್ಯಾನ್ಸರ್. ಮಾಸ್ಕ್ ಹಾಕಿಕೊಂಡು ಬಾಗಿಲ ಹತ್ತಿರ ನಿಲ್ಲಿಸಿದ್ದ ಸೈಕಲ್ಲಿನ ಬೆಲ್ ಹೊಡೆಯುತ್ತಾ ನಿಂತಿದ್ದ. "ಔಷಧಿ ಕಾರ್ಡಿನಲ್ಲೇ ಆಗ್ತದೆ. ಹೋಗಿ ಬರೋದೇ ಕಷ್ಟ ಆಗಿದೆ" ಅಂದರು ಆ ತಾಯಿ.

ಅವರು ಹೇಳಿದ್ದು ನಿಜ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಅದೊಂದು ದೊಡ್ಡ ಆಸರೆ. ಆದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕೆಂದರೆ ಶಿವಮೊಗ್ಗದಿಂದಲೇ ಸುಮಾರು 300 ಕಿಲೋಮೀಟರ್. ಮಣಿಪಾಲದ ಆಸ್ಪತ್ರೆಗೆ ಹೋಗುವವರು ಆಗುಂಬೆ ಘಾಟಿ ಇಳಿಯಬೇಕು. ಕಿಮೋ (ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧಿ) ನಡೆಯುವಾಗ ಮಗುವಿನ ರಕ್ತದಲ್ಲಿ ಬಿಳಿ ಕಣ ಕಡಿಮೆಯಾಗಿರುತ್ತದೆ. ಸಣ್ಣ ನೆಗಡಿಯೂ ಅಪಾಯಕ್ಕೆ ತಿರುಗಬಹುದು. ಅಂಥ ಮಗುವನ್ನು ತುಂಬಿದ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುವುದು ಹೇಗೆ? ಅಲ್ಲಿ ಉಳಿದುಕೊಳ್ಳಲು ರೂಮು, ಇಬ್ಬರ ಊಟ, ಜೊತೆಗೆ ಹೋದವರ ಕೂಲಿ ನಷ್ಟ, ಇದಕ್ಕೆಲ್ಲ ಕಾರ್ಡಿನಲ್ಲಿ ದುಡ್ಡಿಲ್ಲ.

ಮಕ್ಕಳಲ್ಲಿ ಜಾಸ್ತಿ ಕಾಣುವ ರಕ್ತದ ಕ್ಯಾನ್ಸರ್‌ಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ಮೊದಲ ತಿಂಗಳುಗಳಲ್ಲಿ ಆಸ್ಪತ್ರೆ ಹತ್ತಿರವೇ ಇರಬೇಕು. ಆಮೇಲೆ ಮನೆಯಲ್ಲೇ ಮಾತ್ರೆ, ನಡುನಡುವೆ ಹೋಗಿ ತೋರಿಸುವುದು. ನಮಗೆ ಜಾಸ್ತಿ ಭಯ ಇರುವುದು ಈ ಎರಡನೇ ಹಂತದ ಬಗ್ಗೆ. ಅಷ್ಟೊತ್ತಿಗೆ ಕೂದಲು ಮತ್ತೆ ಬಂದಿರುತ್ತದೆ. ಮಗು ಅಂಗಳದಲ್ಲಿ ಓಡಾಡುತ್ತಿರುತ್ತದೆ. ಕೈಯಲ್ಲಿದ್ದ ದುಡ್ಡು ಮುಗಿದಿರುತ್ತದೆ. ಅಡಿಕೆ ಕೊಯ್ಲು, ಸುಲಿತ ಶುರುವಾದರೆ ವರ್ಷದ ಕೂಲಿಯ ದೊಡ್ಡ ಪಾಲು ಸಿಗುವುದು ಆ ದಿನಗಳಲ್ಲೇ. "ಹುಷಾರಾಗಿದಾನೆ ಅಲ್ವಾ, ಮುಂದಿನ ಸಲ ಹೋದರಾಯ್ತು" ಅಂತ ಒಂದು ಸಲ ತಪ್ಪಿಸುತ್ತಾರೆ. ಆಮೇಲೆ ಇನ್ನೊಂದು ಸಲ. ಮಾತ್ರೆ ನಿಂತರೆ ಕಾಯಿಲೆ ಮರಳಿ ಬರುವ ಅಪಾಯ ಇದೆ. ಹಾಗೆ ಮರಳಿದ ಕಾಯಿಲೆಯನ್ನು ಗುಣಪಡಿಸುವುದು ಮೊದಲಿಗಿಂತ ಎಷ್ಟೋ ಕಷ್ಟ. ಇದರಲ್ಲಿ ಅಪ್ಪ ಅಮ್ಮನನ್ನು ದೂರಲು ನಮಗೆ ಮನಸ್ಸು ಬರುವುದಿಲ್ಲ.

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 100ಕ್ಕೆ 80ಕ್ಕಿಂತ ಜಾಸ್ತಿ ಮಕ್ಕಳು ಗುಣವಾಗುತ್ತಾರೆ. ಎಷ್ಟೋ ಬಡ ದೇಶಗಳಲ್ಲಿ 30 ಮಕ್ಕಳೂ ಉಳಿಯುವುದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಇದಕ್ಕಿರುವ ಕಾರಣಗಳಲ್ಲಿ ಒಂದು. ಬಸ್ ಚಾರ್ಜ್ ಇಲ್ಲ ಅಂತ ನಮ್ಮ ಮಲೆನಾಡಿನ ಒಂದು ಮಗುವಿನ ಚಿಕಿತ್ಸೆಯೂ ನಿಲ್ಲಬಾರದು.

ಸೈಕಲ್ ಯಾಕೆ ಅಂತ ಕೆಲವರು ಕೇಳಿದ್ದಾರೆ. ಕಾರಿನಲ್ಲಿ ಹೋದರೆ ಊರುಗಳು ಸುಮ್ನೆ ಹಿಂದೆ ಹೋಗಿಬಿಡುತ್ತವೆ. ಸೈಕಲ್ ನಿಲ್ಲಿಸಿದರೆ ಜನ ಬಂದು ಮಾತಾಡಿಸುತ್ತಾರೆ. ಗಾಜನೂರಿನಲ್ಲಿ, ಮಂಡಗದ್ದೆಯಲ್ಲಿ ನಿಂತು ನಾಲ್ಕು ಮಾತು ಹೇಳುತ್ತೇವೆ. ಬಿಡದ ಜ್ವರ, ಬಿಳಿಚಿಕೊಂಡ ಮುಖ, ಏಟು ಬೀಳದೆಯೂ ಮೈಮೇಲೆ ನೀಲಿ ಕಲೆ, ಕಾಲಿನ ಮೂಳೆ ನೋವು, ಕುತ್ತಿಗೆಯಲ್ಲಿ ಗಂಟು, ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆ ಮಗುವಿನ ಜೊತೆ ಬೇರೆ ಮಕ್ಕಳು ಆಡಬಹುದು.

ಕಿಲೋಮೀಟರಿಗೆ ಇಷ್ಟು ಅಂತ ಕೊಡಿ. 10 ರೂಪಾಯಿಯಂತೆ ಕೊಟ್ಟರೆ 60 ಕಿಲೋಮೀಟರಿಗೆ 600 ರೂಪಾಯಿ. 1 ರೂಪಾಯಿಯಂತೆ ಕೊಟ್ಟರೂ ಸಂತೋಷ. ಪ್ರತಿ ದೇಣಿಗೆಗೂ ರಸೀದಿ ಕೊಡುತ್ತೇವೆ. ಎಷ್ಟು ಬಂತು, ಎಷ್ಟು ಬಸ್ಸು ಬಾಡಿಗೆಗೆ, ಎಷ್ಟು ರೂಮಿಗೆ ಹೋಯಿತು ಅನ್ನುವ ಲೆಕ್ಕ ಪ್ರತಿ ತಿಂಗಳೂ ಕಚೇರಿಯ ಬೋರ್ಡಿನಲ್ಲಿರುತ್ತದೆ. ಮಕ್ಕಳ ಹೆಸರು, ಫೋಟೊ ಮಾತ್ರ ಹಾಕುವುದಿಲ್ಲ. ನಾಳೆ ಅವರು ಶಾಲೆಗೆ ಹೋಗಬೇಕಾದವರು.

ಹಣ ಕೊಡಲು ಆಗದವರು ರಕ್ತ ಕೊಡಬಹುದು. ಈ ಮಕ್ಕಳಿಗೆ ಬೇಕಾಗುವ ಪ್ಲೇಟ್‌ಲೆಟ್ಟನ್ನು (ರಕ್ತ ಹೆಪ್ಪುಗಟ್ಟಿಸುವ ಕಣ) ಐದು ದಿನಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ. ಹಾಗಾಗಿ ಕರೆದಾಗ ಬರುವವರ ಪಟ್ಟಿ ನಮಗೆ ಬೇಕು. ಕಾರು ಇರುವವರು ತಿಂಗಳಿಗೊಮ್ಮೆ ಒಂದು ಮಗುವನ್ನು ಆಸ್ಪತ್ರೆಗೆ ಬಿಟ್ಟು ಬರಲು ಒಪ್ಪಿದರೆ ಅದೂ ದೊಡ್ಡ ದೇಣಿಗೆಯೇ.

ಆ ಹುಡುಗನಿಗೆ ಇನ್ನೂ ಎಂಟು ತಿಂಗಳ ಮಾತ್ರೆ ಬಾಕಿ ಇದೆ. ಅವನಂಥ ಮಕ್ಕಳ ಮುಂದಿನ ಭೇಟಿಗಳಿಗೆ ಈಗಲೇ ಹಣ ಎತ್ತಿಡಬೇಕಾಗಿದೆ. ದಯವಿಟ್ಟು ಸವಾರಿಯ ಹಿಂದಿನ ಶುಕ್ರವಾರದೊಳಗೆ ನಿಮ್ಮ ದೇಣಿಗೆ ತಲುಪಿಸಿ.

ಇಂತಿ ನಿಮ್ಮ,
ಟ್ರಸ್ಟ್‌ನ ಕಾರ್ಯದರ್ಶಿ, ಶಿವಮೊಗ್ಗ