ಇನ್ಮೇಲೆ ಮಿಂಚೋ ಕಾರ್ಡ್ ಇಲ್ಲ, ಕಾರಣ ನಮ್ಮೂರ ಮಳೆ

ನಮಸ್ಕಾರ ಎಲ್ರಿಗೂ. ನೇರ ವಿಷ್ಯಕ್ಕೇ ಬರ್ತೀವಿ. ದೀಪಾವಳಿಗೆ ಬರೋ ಹೊಸ ಸೆಟ್‌ನಿಂದ ನಾವು ಮಾಡೋ ಕಾರ್ಡ್ ಆಟದ ಪ್ಯಾಕೆಟಲ್ಲಿ ಫಾಯಿಲ್ ಕಾರ್ಡ್, ಅಂದ್ರೆ ಮೇಲೆ ಮಿಂಚಿನ ಪದರ ಇರೋ ಕಾರ್ಡ್, ಇರಲ್ಲ. ನಮ್ಮ ಆಟದ ಅಪರೂಪದ ಕಾರ್ಡ್ ಕಾಳಿಂಗ ಸಿಕ್ರೂ, ಮಿಂಚಿಲ್ಲದ ಸಾದಾ ಕಾಳಿಂಗಾನೇ ಸಿಗತ್ತೆ. ಕೆಲವ್ರಿಗೆ ಬೇಜಾರಾಗತ್ತೆ ಅಂತ ಗೊತ್ತು, ಅದಕ್ಕೇ ಈ ಪತ್ರ.

ಆಗಸ್ಟಲ್ಲಿ ಒಂದು ಭಾನುವಾರ, ಹೊರಗೆ ಧೋ ಅಂತ ಮಳೆ, ಕರೆಂಟ್ ಬೇರೆ ಇಲ್ಲ, ಎಮರ್ಜೆನ್ಸಿ ಲೈಟ್ ಇಟ್ಕೊಂಡು ಶಿವಮೊಗ್ಗದ ಅಂಗಡಿ ಹಿಂದಿನ ರೂಮಲ್ಲಿ ಆಟ ನಡೀತಿತ್ತು. ತೀರ್ಥಹಳ್ಳಿ ಕಡೆ ಹುಡುಗ ಒಬ್ಬ ತನ್ನ ಡೆಕ್, ಅಂದ್ರೆ ಆಡೋ ಕಾರ್ಡಿನ ಕಟ್ಟು, ಕಲೆಸಿ ಮುಂದಿಟ್ಟ, ಎದುರಿಗಿದ್ದ ಹುಡುಗಿ ಕಟ್ ಮಾಡಿದ್ಲು (ಮಧ್ಯದಿಂದ ಎತ್ತಿ ಕೆಳಗಿನ ಭಾಗ ಮೇಲಿಟ್ಲು), ಅವ್ನು ಎತ್ತಿದ ಮೊದಲ್ನೇ ಕಾರ್ಡೇ ಕಾಳಿಂಗ. ಎರಡ್ನೇ ಆಟದಲ್ಲೂ ಕಾಳಿಂಗ. ಮೂರನೇ ಸಲ ಅವ್ಳು ಕಟ್ ಮಾಡೋಕೆ ಕೈ ಇಟ್ಟವ್ಳು ಹಾಗೇ ನಿಲ್ಲಿಸಿ, "ಇಲ್ನೋಡಿ, ಇಲ್ಲೊಂದು ಸಂದಿದೆ, ಕೈ ತಾನಾಗೇ ಅಲ್ಲಿಗೇ ಹೋಗತ್ತೆ" ಅಂದ್ಲು. ನೋಡಿದ್ರೆ ಹೌದು! ಫಾಯಿಲ್ ಕಾರ್ಡ್ ದೊನ್ನೆ ಥರ ಬಾಗಿದೆ, ಅಂಚಲ್ಲಿ ಕೂದಲೆಳೆ ಸಂದು, ಕಟ್ ಮಾಡಿದ್ರೆ ಅಲ್ಲೇ ಒಡೆಯತ್ತೆ. ಹುಡುಗನ ತಪ್ಪೇನೂ ಇಲ್ಲ, ಪಾಪ, ಅವ್ನಿಗೇ ಅಳು ಬರೋ ಹಾಗಾಗಿತ್ತು.

ಕಾರಣ ತುಂಬಾ ಸಿಂಪಲ್. ಕಾರ್ಡಿನ ಕಾಗದ ತೇವ ಕುಡಿದು ಹಿಗ್ಗತ್ತೆ, ಮೇಲಿನ ಮಿಂಚಿನ ಪದರ ಹಿಗ್ಗಲ್ಲ, ಹಾಗಾಗಿ ಇಡೀ ಕಾರ್ಡ್ ಮುಖದ ಕಡೆ ಬಾಗತ್ತೆ. ನಾವು ಅಕ್ಕಿ ಡಬ್ಬದಲ್ಲಿ ಇಟ್ಟು ನೋಡಿದ್ವಿ, ತೇವ ಹೀರೋ ಸಿಲಿಕಾ ಪೊಟ್ಟಣ ಹಾಕಿದ್ವಿ, ಕೊನೆಗೆ ನಮ್ಮಲ್ಲೊಬ್ರು ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಒಣಗಿಸಿದ್ರು, ಅಲ್ಲಿ ಜಾಸ್ತಿ ಒಣಗಿ ಬಿಸಿಲಿಗೆ ಬಿದ್ದ ಅಡಿಕೆ ಹಾಳೆ ಥರ ಉಲ್ಟಾ ಬಾಗಿ ಕೂತ್ವು. ಪ್ರಿಂಟ್ ಮಾಡೋರನ್ನ ಕೇಳಿದ್ರೆ "ಸ್ಲೀವ್ ಹಾಕಿ ಸರಿಹೋಗತ್ತೆ" ಅಂದ್ರು, ಅಂದ್ರೆ ಒಂದೊಂದು ಕಾರ್ಡಿಗೂ ಪ್ಲಾಸ್ಟಿಕ್ ಕವರ್. ಹೋಗಲ್ಲ, ಸ್ಲೀವ್ ಸಮೇತ ಬಾಗತ್ತೆ.

ಇಷ್ಟಕ್ಕೆಲ್ಲ ಯಾಕೆ ಇಷ್ಟು ರಂಪ ಅಂತೀರಾ? ನಮ್ಮ ಆಟದಲ್ಲಿ ಡೆಕ್ಕಿಗೆ 40 ಕಾರ್ಡ್, ಒಂದೇ ಕಾರ್ಡ್ 3ಕ್ಕಿಂತ ಜಾಸ್ತಿ ಹಾಕೋ ಹಾಗಿಲ್ಲ, ನೀರಿನ ಕಾರ್ಡಿಗೆ ಮಾತ್ರ ಈ ಮಿತಿ ಇಲ್ಲ, ಬೇರೆ ಕಾರ್ಡ್ ಇಳಿಸೋಕೆ ನೀರು ಬೇಕು. ಹೆಚ್ಚಿನವ್ರು 16 ನೀರು ಹಾಕ್ತಾರೆ, ಶುರುವಲ್ಲಿ ಕೈಗೆ 7 ಕಾರ್ಡ್. ಲೆಕ್ಕ ಹಾಕಿದ್ರೆ ಸರಾಸರಿ 2.8 ನೀರು ಬರ್ಬೇಕು, ಆದ್ರೂ 100ರಲ್ಲಿ 13 ಸಲ ನೀರೇ ಬರಲ್ಲ ಅಥ್ವಾ ಒಂದೇ ಒಂದು ಬರತ್ತೆ, ಆಗ ಕಾಳಿಂಗ ಕೈಲಿದ್ರೂ ಇಳಿಸೋಕಾಗದೆ ಬಾಯಿ ಬಾಯಿ ಬಿಡ್ಬೇಕು. ಈ ಕಾಟ ನಾವು ಬೇಕಂತಲೇ ಇಟ್ಟಿದ್ದು. ಇದೇನು ನಮ್ಮ ಸ್ವಂತ ತಲೆಯಲ್ಲ ಮಾರಾಯ್ರೆ, 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಮಾಡಿದ ಮ್ಯಾಜಿಕ್ ಅನ್ನೋ ಕಾರ್ಡ್ ಆಟದಲ್ಲಿ 60 ಕಾರ್ಡಿನ ಡೆಕ್ಕು, ಅದರಲ್ಲಿ ಸಾಮಾನ್ಯವಾಗಿ 24ರ ಆಸುಪಾಸು ಭೂಮಿ ಕಾರ್ಡ್ (ನಮ್ಮ ನೀರಿನ ಥರಾನೇ) ಹಾಕ್ತಾರೆ, ಅದೇ ಪ್ರಮಾಣ ನಾವು ಇಲ್ಲಿಗೆ ತಂದ್ವಿ. ಮುಂದಿನ ಕಾರ್ಡ್ ಯಾವ್ದು ಅಂತ ಇಬ್ಬರಿಗೂ ಗೊತ್ತಿರಬಾರದು, ಎಲ್ಲಾ ಕಾರ್ಡಿನ ಬೆನ್ನು ಒಂದೇ ಥರ ಇರ್ಬೇಕು, ಆಟ ನಿಂತಿರೋದೇ ಅದರ ಮೇಲೆ. ಬೆನ್ನು ನೋಡಿ ಹೊಟ್ಟೆ ಗೊತ್ತಾದ್ರೆ ಇನ್ನೇನಿದೆ? ಮ್ಯಾಜಿಕ್ ಪ್ಯಾಕೆಟಲ್ಲಿ 1999ರಿಂದ ಫಾಯಿಲ್ ಬರ್ತಿದೆ, ಅಲ್ಲಿನ ಟೂರ್ನಮೆಂಟಲ್ಲೂ ಹೀಗೆ ಬಾಗಿದ್ದನ್ನ ಗುರುತು ಬಿದ್ದ ಕಾರ್ಡ್ ಅಂತ ತೆಗೆಸಬಹುದು.

ನಮ್ಮ ದೊಡ್ಡ ತಪ್ಪು ಅಂದ್ರೆ ಅಪರೂಪದ ಕಾರ್ಡಿಗೆ ಮಾತ್ರ ಫಾಯಿಲ್ ಹಾಕಿದ್ದು. ಬಾಗಿದ್ದು ಅಂದ್ರೆ ಬಲದ್ದೇ ಅಂತ ಆಯ್ತು. (ಅಪರೂಪದ್ದೇ ಬಲದ್ದಾಗಿರ್ಬೇಕಾ ಅನ್ನೋ ಜಗಳ ನಮ್ಮೊಳಗೆ ಬೇರೆ ನಡೀತಿದೆ, ಅದು ಇನ್ನೊಂದು ದಿನ.)

ಈಗ ಲೆಕ್ಕಾಚಾರ. ಪ್ಯಾಕೆಟಲ್ಲಿ 10 ಕಾರ್ಡ್ ಮೊದಲಿನ ಹಾಗೇ, 6 ಸಾಮಾನ್ಯ, 3 ಮಧ್ಯಮ, 1 ಅಪರೂಪ. ಅಪರೂಪದ್ದಕ್ಕೆ ಕೆಳಗಡೆ ಮೂಲೇಲಿ ಚಿಕ್ಕ ಚಿನ್ನದ ಬಣ್ಣದ ಅಡಿಕೆ ಗುರುತು, ಅಷ್ಟೇ. ಫಾಯಿಲ್ ಖರ್ಚು ಉಳಿಯೋದ್ರಿಂದ 60 ರೂಪಾಯಿದು 55ಕ್ಕೆ ಕೊಡ್ತೀವಿ. ನಿಮ್ಮತ್ರ ಇರೋ ಫಾಯಿಲ್ ತೋರಿಸಿದ್ರೆ ಅದೇ ಕಾರ್ಡಿನ ಸಾದಾ ಪ್ರತಿ ಫ್ರೀ, ಫಾಯಿಲ್ ನೀವೇ ಇಟ್ಕೊಳ್ಳಿ. ಭಾನುವಾರದ ಆಟಕ್ಕೆ ಮಾತ್ರ ತರೋ ಹಾಗಿಲ್ಲ. ಸಾಗರ, ಹೊಸನಗರ ಕಡೆಯವ್ರು ಫೋಟೋ ಕಳಿಸಿ, ಸಾದಾ ಕಾರ್ಡನ್ನ ಬಸ್ಸಿಗೆ ಹಾಕ್ತೀವಿ. ಗೆಳೆಯರ ಹತ್ರ 300, 400 ಕೊಟ್ಟು ಫಾಯಿಲ್ ತಗೊಂಡವ್ರು ಇದೀರ, ಆ ದುಡ್ಡು ವಾಪಸ್ ಕೊಡೋ ಶಕ್ತಿ ನಮಗಿಲ್ಲ, ಕ್ಷಮಿಸಿ.

ಬಾಗಿದ್ದನ್ನ ನೇರ ಮಾಡೋಕೆ ದಪ್ಪ ಪುಸ್ತಕದ ಮಧ್ಯ ಇಡಿ, ಪರವಾಗಿಲ್ಲ. ಇಸ್ತ್ರಿ ಮಾತ್ರ ಹಾಕ್ಬೇಡಿ, ಒಬ್ರು ಆಗ್ಲೇ ಹಾಕಿ ನೋಡಿದಾರೆ.